ಕರೆಂಟ್ ಬಿಲ್ ನೋಡಿ ಊರು ಆರಿಸಬಹುದೇ?

*ಶಿವಮೊಗ್ಗದ ಓದುಗರೊಬ್ಬರ ಪತ್ರ: ಮಗಳು ಬೆಂಗಳೂರಿನಲ್ಲಿದ್ದಾಳೆ, ಅವಳ ಕರೆಂಟ್ ಬಿಲ್ ಸೊನ್ನೆ. ಮಗ ಚೆನ್ನೈನಲ್ಲಿದ್ದಾನೆ, ಅವನಿಗೆ ಮೊನ್ನೆ 380 ಯೂನಿಟ್‌ಗೆ ಬಿಲ್ ಬಂತು. ಅವನೂ ಬೆಂಗಳೂರಿಗೆ ವರ್ಗ ತಗೊಂಡರೆ ಖರ್ಚು ಇಳಿಯುತ್ತೆ ಅಲ್ವಾ? ಯಾವ ಊರು ಎಷ್ಟು ದುಬಾರಿ ಅಂತ ಒಂದು ಪಟ್ಟಿ ಹಾಕಿ.*

ನಮಸ್ಕಾರ ಸರ್,

ಮೊದಲು ಮಗನ ಬಿಲ್ ಇನ್ನೊಮ್ಮೆ ನೋಡಿ. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ ಬರುತ್ತದೆ. ಅಂದರೆ ಅವನು ಉರಿಸಿದ್ದು ತಿಂಗಳಿಗೆ 190 ಯೂನಿಟ್. ಅದರಲ್ಲೂ ಒಂದಿಷ್ಟು ಯೂನಿಟ್ ಪುಕ್ಕಟೆ. ಚೆನ್ನೈ ಸೆಕೆಗೆ ಅದೇನೂ ಜಾಸ್ತಿ ಅಲ್ಲ.

ಇನ್ನು ಮಗಳ ಸೊನ್ನೆ ಬಿಲ್. ಅದು 2023ರಲ್ಲಿ ಬಂದ ಗೃಹಜ್ಯೋತಿಯ ಪುಣ್ಯ, ಕರೆಂಟ್ ಅಗ್ಗ ಅಂತ ಅಲ್ಲ. ಸುಮ್ನೆ ಎಲ್ಲರಿಗೂ 200 ಯೂನಿಟ್ ಬಿಡುವುದಿಲ್ಲ. ಆ ಮನೆಯ ಹಿಂದಿನ ಸರಾಸರಿ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕುತ್ತಾರೆ. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಗ ಬಾಡಿಗೆಗೆ ಹಿಡಿಯುವ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇಲ್ಲದೆ ಓನರ್ ಹಾಕಿಸಿದ ಸಬ್ ಮೀಟರ್ ಇದ್ದರೆ ಅದೂ ಸಿಗದು. ಯೂನಿಟ್‌ಗೆ ಓನರ್ ಹೇಳಿದ್ದೇ ರೇಟು. ಬೆಂಗಳೂರಿನ ವಠಾರದಂಥ ಕಟ್ಟಡಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಗ್ಯಾಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2025ರ ಏಪ್ರಿಲ್‌ನಲ್ಲಿ ಸಿಲಿಂಡರ್‌ಗೆ ಬೆಂಗಳೂರಿನಲ್ಲಿ 855.50, ಚೆನ್ನೈನಲ್ಲಿ 868.50 ರೂಪಾಯಿ ಇತ್ತು. ಹದಿಮೂರು ರೂಪಾಯಿಗೆ ಯಾರೂ ಊರು ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಜೇಬು ಖಾಲಿಯಾಗುವುದು ಬಿಲ್ ಬಾರದ ಕಡೆ. ಅಡ್ವಾನ್ಸ್ ತಗೊಳ್ಳಿ. ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿ ಹಳೇ ರೂಢಿ. ಈಗ ಕೆಲವರು ಐದಾರು ತಿಂಗಳಿಗೆ ಒಪ್ಪುತ್ತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಸಾಕು ಅಂದಿತ್ತು, ಆದರೆ ಇಲ್ಲಿ ಮಾದರಿ ಮಾದರಿಯಾಗಿಯೇ ಉಳಿಯಿತು. 25,000 ಬಾಡಿಗೆಯ ಮನೆ ಅಂದರೆ ಹಳೇ ಲೆಕ್ಕದಲ್ಲಿ ಎರಡೂವರೆ ಲಕ್ಷ ಬಡ್ಡಿಯಿಲ್ಲದೆ ಓನರ್ ಹತ್ತಿರ ಕೂತಿರುತ್ತದೆ. ಅದೇ ದುಡ್ಡು ಬ್ಯಾಂಕಿನಲ್ಲಿ ಶೇ. 6ಕ್ಕೆ ಇದ್ದಿದ್ದರೆ ವರ್ಷಕ್ಕೆ 15,000 ಬರುತ್ತಿತ್ತು. ಮನೆ ಬಿಡುವ ದಿನ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಗೋಡೆ ಫಳಫಳ ಹೊಳೆಯುತ್ತಿದ್ದರೂ!

ಆಮೇಲೆ ನೀರು. ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲಕ್ಕೆ ತರಬೇಕು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದರೂ ಹೊರವಲಯದಲ್ಲಿ ಟ್ಯಾಂಕರ್ ನಿಂತಿಲ್ಲ. ಕಾವೇರಿ ನಲ್ಲಿ ಇರುವ ಮನೆಗೂ ಟ್ಯಾಂಕರ್ ನಂಬಿದ ಅಪಾರ್ಟ್‌ಮೆಂಟ್‌ಗೂ, ಒಂದೇ ಬಡಾವಣೆಯಲ್ಲಿದ್ದರೂ, ನೀರಿನ ಖರ್ಚು ಅಜಗಜಾಂತರ. ಚೆನ್ನೈಯಲ್ಲೂ ಲಾರಿ ನೀರಿನ ಕಥೆ ಇದೆ ಬಿಡಿ.

ಹಾಗಾಗಿ ಊರಿನ ಪಟ್ಟಿ ನಾವು ಹಾಕುವುದಿಲ್ಲ. ಕೇಂದ್ರ ಸರ್ಕಾರ ತನ್ನ ನೌಕರರ ಮನೆ ಬಾಡಿಗೆ ಭತ್ಯೆಗೆ ಅಂಥದ್ದೊಂದು ಪಟ್ಟಿ ಇಟ್ಟುಕೊಂಡಿದೆ. ಅದರಲ್ಲಿ ಚೆನ್ನೈ, ಬೆಂಗಳೂರು ಎರಡೂ ಒಂದೇ ದರ್ಜೆ! ನಿಮ್ಮ ಶಿವಮೊಗ್ಗ ಕೊನೇ ದರ್ಜೆ.

ಮಗ ಈಗಿನ ಮನೆಗೆ ಕೊಡುವ ಬಾಡಿಗೆ, ಅಡ್ವಾನ್ಸ್, ನೀರು, ಆಫೀಸಿಗೆ ಹೋಗಿಬರುವ ಖರ್ಚು ಬರೆದಿಡಲಿ. ಬೆಂಗಳೂರಿನಲ್ಲಿ ನೋಡುವ ಮನೆಗೂ ಅದೇ ನಾಲ್ಕು ಕೇಳಲಿ. ಕರೆಂಟ್ ಬಿಲ್ ಕೊನೆಗೆ ಸೇರಿಸಿಕೊಂಡರೆ ಸಾಕು. ಮನೆ ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದು ಅಂತ ನೋಡುವ ಮುಂಚೆ, ಸಂಪ್‌ಗೆ ನೀರು ಎಲ್ಲಿಂದ ಬರುತ್ತೆ ಅಂತ ಪಕ್ಕದ ಮನೆಯವರನ್ನು ವಿಚಾರಿಸಲಿ.

— ಸಂಪಾದಕ