ಮೀಟರಿನ ಮುಳ್ಳು ಸುಳ್ಳು ಹೇಳಿದರೆ ಮೊದಲು ಅರ್ತ್ ನೋಡಿ

ಮಳೆಗಾಲ ಮುಗಿದು ಶೆಡ್ಡಿನಿಂದ ಹಳೇ ಕಾರು ಹೊರಗೆ ತೆಗೆಯುವ ಹೊತ್ತಿಗೆ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಈ ಸಲ ಆರಿಸಿದ ನಾಲ್ಕೂ ಮೀಟರ್ ಬೋರ್ಡ್ ಮತ್ತು ಅದರ ಹಿಂದಿನ ವೈರಿಂಗಿಗೆ ಸೇರಿದವು.

ಪ್ರಶ್ನೆ: ಅಪ್ಪನ ಕಾಲದ ಅಂಬಾಸಿಡರ್ ನಮ್ಮಲ್ಲಿದೆ. ಈಗೀಗ ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದರೂ ಮುಳ್ಳು ಫುಲ್ ದಾಟಿ ನಿಲ್ಲುತ್ತದೆ. ಟೆಂಪರೇಚರ್ ಮುಳ್ಳೂ ಕೆಂಪಿನ ಹತ್ತಿರ ಹೋಗುತ್ತದೆ, ಆದರೆ ರೇಡಿಯೇಟರಿನಲ್ಲಿ ನೀರು ಕುದಿಯುವುದಿಲ್ಲ. ಕೀ ತಿರುಗಿಸಿದರೆ ಎರಡೂ ಮುಳ್ಳು ನಿಧಾನಕ್ಕೆ ಏರುತ್ತವೆ. ಗ್ಯಾರೇಜಿನವರು ಎರಡೂ ಮೀಟರ್ ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಲೇಬೇಕಾ? – ಓದುಗರು, ಕಾಪು

ಬೇಡ. ದಯವಿಟ್ಟು ಆ ಮೀಟರುಗಳನ್ನು ಬಿಚ್ಚಿ ಬಿಸಾಡಲು ಬಿಡಬೇಡಿ. ಎರಡು ಮೀಟರ್ ಒಂದೇ ಸಮಯಕ್ಕೆ, ಒಂದೇ ಕಡೆಗೆ ತಪ್ಪು ತೋರಿಸುತ್ತಿವೆ ಅಂದರೆ ಎರಡಕ್ಕೂ ಸೇರಿದ ಯಾವುದೋ ಒಂದು ಜಾಗ ಕೆಟ್ಟಿದೆ. ನೀವು ಬರೆದ ಲಕ್ಷಣದಲ್ಲೇ ಅದರ ಸುಳಿವೂ ಇದೆ. ಕೀ ಹಾಕಿದ ಕೂಡಲೇ ಮುಳ್ಳು ಟಕ್ಕನೆ ಹಾರಿದರೆ ಅದು ಕಾಯಿಲ್ ಇರುವ ಮೀಟರ್. ನಿಧಾನಕ್ಕೆ ಏರಿದರೆ ಒಳಗೆ ಎರಡು ಲೋಹ ಸೇರಿಸಿ ಮಾಡಿದ ಪಟ್ಟಿ ಇದೆ. ಕರೆಂಟ್ ಹರಿದಾಗ ಆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಈ ಎರಡನೇ ಜಾತಿಯ ಮೀಟರಿಗೆ ಬ್ಯಾಟರಿಯ ವೋಲ್ಟೇಜ್ ನೇರವಾಗಿ ಕೊಡುವುದಿಲ್ಲ. ಎಂಜಿನ್ ನಿಂತಿದ್ದಾಗ 12, ಓಡುವಾಗ 14 ಹೀಗೆ ಏರಿಳಿದರೆ ಮುಳ್ಳು ಒಂದು ಕಡೆ ನಿಲ್ಲುವುದೇ ಇಲ್ಲ. ಹಾಗಾಗಿ ಮಧ್ಯೆ ಒಂದು ಸಣ್ಣ ತಗಡಿನ ಡಬ್ಬಿ ಇರುತ್ತದೆ. ಅದೇ ವೋಲ್ಟೇಜ್ ಸ್ಟೆಬಿಲೈಸರ್. ಮೀಟರ್ ಬೋರ್ಡಿನ ಹಿಂದೆ ಒಂದು ಸ್ಕ್ರೂನಲ್ಲಿ ಕೂತಿರುತ್ತದೆ.

ಅದರೊಳಗೂ ಅಂಥದ್ದೇ ಪಟ್ಟಿ, ಅದಕ್ಕೆ ಸುತ್ತಿದ ತೆಳು ತಂತಿ. ತಂತಿ ಬಿಸಿಯಾದಾಗ ಪಟ್ಟಿ ಬಾಗಿ ಕಾಂಟಾಕ್ಟ್ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಹೀಗೆ ಬಿಟ್ಟು ಕೂಡಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಆ ತೆಳು ತಂತಿಯ ಇನ್ನೊಂದು ತುದಿ ಡಬ್ಬಿಗೆ, ಡಬ್ಬಿ ಸ್ಕ್ರೂಗೆ, ಸ್ಕ್ರೂ ಕಾರಿನ ಲೋಹದ ಮೈಗೆ. ಅಂದರೆ ಅರ್ತ್, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ನಿಮ್ಮ ಕಾಪುವಿನ ಉಪ್ಪು ಗಾಳಿಗೆ ಆ ಸ್ಕ್ರೂ ಕೆಳಗೆ ತುಕ್ಕು ಕೂತರೆ ಅರ್ತ್ ಹೋಯಿತು. ತಂತಿ ಬಿಸಿಯಾಗುವುದಿಲ್ಲ, ಕಾಂಟಾಕ್ಟ್ ಬಿಡುವುದೇ ಇಲ್ಲ, ಪೂರ್ತಿ 14 ವೋಲ್ಟ್ ಮೀಟರಿಗೆ ಹೋಗುತ್ತದೆ. ಎರಡೂ ಮುಳ್ಳು ಮೇಲೇರುತ್ತವೆ. ನಿಮ್ಮ ಕಾರಿನಲ್ಲಿ ಆಗಿರುವುದು ಹೆಚ್ಚುಕಡಿಮೆ ಇದೇ. ಎರಡೂ ಮುಳ್ಳು ಏಳದೇ ಮಲಗಿದ್ದರೆ ಆಗ ಫ್ಯೂಸ್ ಅಥವಾ ಸ್ಟೆಬಿಲೈಸರಿನ ಸುಟ್ಟ ಕಾಂಟಾಕ್ಟ್ ಹುಡುಕಬೇಕಿತ್ತು.

ಕೆಲಸ ಸುಲಭ. ಮೊದಲು ಬ್ಯಾಟರಿಯ ಅರ್ತ್ ವೈರ್ ಬಿಚ್ಚಿ. ತುಂಬ ಹಳೇ ಬ್ರಿಟಿಷ್ ಮೂಲದ ಕಾರುಗಳಲ್ಲಿ ಪಾಸಿಟಿವ್ ಕಡೆ ಅರ್ತ್ ಇರುವುದುಂಟು, ಆದ್ದರಿಂದ ಯಾವ ವೈರ್ ಕಾರಿನ ಮೈಗೆ ಹೋಗಿದೆ ಎಂದು ಕಣ್ಣಿಂದ ನೋಡಿಯೇ ಬಿಚ್ಚಿ. ಸ್ಟೆಬಿಲೈಸರ್ ತೆಗೆದು ಅದರ ಬುಡ ಮತ್ತು ಅದು ಕೂರುವ ಜಾಗ ಎರಡನ್ನೂ ಎಮರಿ ಪೇಪರಿನಲ್ಲಿ ಹೊಳೆಯುವ ಹಾಗೆ ಉಜ್ಜಿ. ಸ್ಕ್ರೂ ಹೊಸದು ಹಾಕಿ. ಅದರ ಕೆಳಗೆ ಒಂದು ಕಪ್ಪು ವೈರ್ ಸೇರಿಸಿ, ಡ್ಯಾಶ್‌ಬೋರ್ಡಿನ ಒಳಗೆ ಗಟ್ಟಿಯಾದ ಬೇರೆ ಬೋಲ್ಟಿಗೆ ಕೊಡಿ. ಬಿಗಿ ಮಾಡಿದ ಮೇಲೆ ಮೇಲಿಂದ ಸ್ವಲ್ಪ ವ್ಯಾಸಲೀನ್ ಸವರಿ. ಡಬ್ಬಿಯ ಯಾವ ಕಡೆ ಮೇಲೆ ಎಂದು ಗುರುತಿದ್ದರೆ ಹಾಗೆಯೇ ಕೂರಿಸಿ.

ಇಷ್ಟು ಮಾಡಿದರೂ ಸರಿಯಾಗದಿದ್ದರೆ ಸ್ಟೆಬಿಲೈಸರಿನ ಔಟ್‌ಪುಟ್ಟಿಗೂ ಅರ್ತಿಗೂ ನಡುವೆ ಒಂದು ಸಣ್ಣ ಟೆಸ್ಟ್ ಬಲ್ಬ್ ಹಿಡಿಯಿರಿ. ಹತ್ತಿ ಆರಿ ಮಾಡಿದರೆ ಡಬ್ಬಿ ಸರಿ ಇದೆ. ಒಂದೇ ಸಮ ಉರಿದರೆ ಒಳಗೆ ಅಂಟಿಕೊಂಡಿದೆ. ಡಿಜಿಟಲ್ ಮಲ್ಟಿಮೀಟರ್ ಇಲ್ಲಿ ತಲೆ ಕೆಡಿಸುತ್ತದೆ, ಅಂಕಿ ಕುಣಿಯುತ್ತಲೇ ಇರುತ್ತದೆ. ಕೆಟ್ಟ ಸ್ಟೆಬಿಲೈಸರ್ ಬದಲಿಗೆ 7810 ಎಂಬ ಮೂರು ಕಾಲಿನ ರೆಗ್ಯುಲೇಟರ್ ಹಾಕಬಹುದು. ಮಂಗಳೂರಿನ ಹಂಪನಕಟ್ಟೆ ಕಡೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಅದೂ 10 ವೋಲ್ಟೇ ಕೊಡುತ್ತದೆ. ಬಿಸಿ ಇಳಿಯಲು ಅದರ ಬೆನ್ನಿಗೆ ಅಲ್ಯೂಮಿನಿಯಂ ತಗಡು ಬೇಕು. ಹಳೇ ಡಬ್ಬಿಯ ಒಳಗೇ ಅದನ್ನು ಕೂರಿಸಿದರೆ ಹೊರಗಿನ ನೋಟ ಕೆಡುವುದಿಲ್ಲ. ಆದರೆ ಇದು ಬ್ಯಾಟರಿಯ ನೆಗೆಟಿವ್ ಕಡೆ ಅರ್ತ್ ಇರುವ ಕಾರಿಗೆ ಮಾತ್ರ.

ಮುಂದೆ ಪೆಟ್ರೋಲ್ ಮುಳ್ಳೊಂದೇ ತಪ್ಪಿದರೆ ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಕಡೆ ಹೋಗಿ. ಪರೀಕ್ಷೆಯನ್ನು ಮಾತ್ರ ಟ್ಯಾಂಕಿನ ಹತ್ತಿರ ಮಾಡಬೇಡಿ, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ, ಒಂದು ಕಿಡಿ ಸಾಕು. ಮೀಟರಿನ ಕಡೆಯಿಂದಲೇ ಮಾಡಿ. ಟ್ಯಾಂಕಿಗೆ ಹೋಗುವ ವೈರನ್ನು ಮೀಟರಿನಲ್ಲಿ ಬಿಚ್ಚಿದರೆ ಮುಳ್ಳು ಖಾಲಿಗೆ ಇಳಿಯಬೇಕು. ಆ ಟರ್ಮಿನಲನ್ನು ಕೆಲವೇ ಸೆಕೆಂಡ್ ಅರ್ತಿಗೆ ಮುಟ್ಟಿಸಿದರೆ ಫುಲ್ ಕಡೆ ಏರಬೇಕು. ಎರಡೂ ಆದರೆ ಮೀಟರ್ ಆರೋಗ್ಯವಾಗಿದೆ. ತಪ್ಪು ವೈರಿನದ್ದು, ಟ್ಯಾಂಕಿನ ಅರ್ತಿನದ್ದು ಅಥವಾ ಫ್ಲೋಟಿನದ್ದು. ಹಿತ್ತಾಳೆ ಫ್ಲೋಟ್ ಆದರೆ ಹೊರಗೆ ತೆಗೆದು ಕಿವಿ ಹತ್ತಿರ ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿ, ಬದಲಿಸಿ.

ಟೆಂಪರೇಚರ್ ಮುಳ್ಳು ಸರಿಯಾಗುವ ತನಕ ಆಗುಂಬೆ, ಚಾರ್ಮಾಡಿ ಹತ್ತಿಸಬೇಡಿ. ಅದು ಯಾವಾಗಲೂ ಕೆಂಪಿನಲ್ಲೇ ಇದ್ದರೆ ಎಂಜಿನ್ ನಿಜಕ್ಕೂ ಕಾದ ದಿನ ನಿಮಗೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನನ್ನ ಪದ್ಮಿನಿಯ ಸ್ಪೀಡೋಮೀಟರ್ ಮುಳ್ಳು 30ರಿಂದ 50ರ ನಡುವೆ ನಡುಗುತ್ತದೆ. ಬೆಳಿಗ್ಗೆ ಕೀಚ್ ಕೀಚ್ ಸದ್ದೂ ಇದೆ. – ಓದುಗರು, ಮೂಡುಬಿದಿರೆ

ಇದು ಬಹುಪಾಲು ಕೇಬಲ್ ತೊಂದರೆ. ಗೇರ್‌ಬಾಕ್ಸಿನಿಂದ ಬರುವ ಒಳಕೇಬಲ್ ಒಣಗಿದೆ, ಇಲ್ಲವೇ ಎಲ್ಲೋ ಜಾಸ್ತಿ ಬಾಗಿದೆ. ಮೀಟರಿನ ಒಳಗೆ ಕೇಬಲ್ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದರ ಸುತ್ತ ಇರುವ ಅಲ್ಯೂಮಿನಿಯಂ ಬಟ್ಟಲು ಅಯಸ್ಕಾಂತವನ್ನು ಮುಟ್ಟದೆಯೇ ಎಳೆತಕ್ಕೆ ಸಿಕ್ಕಿ ಮುಳ್ಳನ್ನು ಒಯ್ಯುತ್ತದೆ. ಕೇಬಲ್ ಹಿಡಿದು ಬಿಟ್ಟು ತಿರುಗಿದರೆ ಮುಳ್ಳೂ ಹಾಗೆಯೇ ಕುಣಿಯುತ್ತದೆ.

ಒಳಕೇಬಲ್ ಎಳೆದು ತೆಗೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ನೆಲದ ಮೇಲೆ ಉರುಳಿಸಿ ನೋಡಿ, ಕುಪ್ಪಳಿಸಿದರೆ ಸೊಟ್ಟಗಾಗಿದೆ, ಬದಲಿಸಿ. ನೆಟ್ಟಗಿದ್ದರೆ ಗೇರ್‌ಬಾಕ್ಸ್ ಕಡೆಯ ಮುಕ್ಕಾಲು ಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಸವರಿ. ಮೀಟರ್ ಕಡೆಯ ತುದಿ ಒಣಗಿಯೇ ಇರಲಿ. ಅಲ್ಲಿ ಗ್ರೀಸ್ ಹಾಕಿದರೆ ಕೇಬಲ್ ತಿರುಗುತ್ತಾ ಅದನ್ನು ಮೇಲಕ್ಕೆ ಏರಿಸಿ ಮೀಟರಿನೊಳಗೆ ತುಂಬಿಸುತ್ತದೆ. ಆಮೇಲೆ ಬಟ್ಟಲು ಅಂಟಿಕೊಂಡು ಮುಳ್ಳು ಬೇಕಾದ ಹಾಗೆ ಓಡುತ್ತದೆ. ಒಳ್ಳೆಯ ಮೀಟರುಗಳು ಹೀಗೆ ಹಾಳಾಗುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರ. ಮತ್ತೆ ಜೋಡಿಸುವಾಗ ಡ್ಯಾಶ್‌ಬೋರ್ಡ್ ಹಿಂದೆ ಕೇಬಲ್ ದೊಡ್ಡ ಸುತ್ತಿನಲ್ಲಿ ಬಾಗಿ ಬರಲಿ, ಮೂಲೆಯ ಹಾಗೆ ಮಡಚಬಾರದು.

ಪ್ರಶ್ನೆ: ಅಜ್ಜನ 1968ರ ಫಿಯಟ್ 1100 ಹಲವು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಈಗ ಹೆಡ್‌ಲೈಟ್ ಮಂಕಾಗಿದೆ, ಫ್ಯೂಸ್ ಮುಟ್ಟಿದರೆ ಬಿಸಿ. ಇಲಿ ಕಡಿದ ಗುರುತೂ ಇದೆ. ಹಳೇ ವೈರ್ ಪೂರ್ತಿ ಕಿತ್ತು ಹೊಸತು ಎಳೆಯೋಣ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದಾರೆ. – ಓದುಗರು, ಬಿಜೈ, ಮಂಗಳೂರು

ಹೊಸ ವೈರಿಂಗ್ ಬೇಕಾಗಬಹುದು. ಆದರೆ ಕೀಳುವ ಮೊದಲು ಅಳೆಯಿರಿ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಜೊತೆಗೆ ಕಡಲ ಗಾಳಿ. ಓಡದೇ ನಿಂತ ಕಾರಿನ ತಾಮ್ರಕ್ಕೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ವೈರಿನ ತೊಗಲು ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ಎಳೆಗಳು ಕಪ್ಪಾಗಿರುತ್ತವೆ. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಬಲ್ಬಿನ ಅರ್ತ್ ಟರ್ಮಿನಲಿಗೆ ಹಿಡಿಯಿರಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಸರಿ ಇಲ್ಲ. ಹಾಗೆಯೇ ಪಾಸಿಟಿವ್ ಕಡೆಯಲ್ಲೂ ಬ್ಯಾಟರಿಯಿಂದ ಫ್ಯೂಸ್, ಸ್ವಿಚ್, ಬಲ್ಬ್ ತನಕ ತುಂಡು ತುಂಡಾಗಿ ನೋಡುತ್ತಾ ಹೋಗಿ. ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಅದೇ ತೋರಿಸಿಕೊಡುತ್ತದೆ. ಬಲ್ಬಿಗೆ ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಹೋಗುತ್ತದೆ. ಮಂಕು ಬೆಳಕಿಗೆ ಇನ್ನೂ ದೊಡ್ಡ ವಾಟಿನ ಬಲ್ಬ್ ಹಾಕುವುದು ಮದ್ದಲ್ಲ. ಅದು ಸುಮ್ನೆ ಹಳೇ ಸ್ವಿಚ್ಚನ್ನು ಸುಡುತ್ತದೆ.

ನಿಮ್ಮ ಫ್ಯೂಸ್ ಬಿಸಿಯಾಗುವುದಕ್ಕೆ ಕಾರಣ ಹೆಚ್ಚಾಗಿ ಅದನ್ನು ಹಿಡಿಯುವ ಕ್ಲಿಪ್. ಫಿಯಟ್‌ನಲ್ಲಿ ಎರಡೂ ತುದಿ ಚೂಪಾದ ಸಿರಾಮಿಕ್ ಫ್ಯೂಸ್ ಇರುತ್ತದೆ, ಸ್ಪ್ರಿಂಗ್ ತಗಡು ಅದನ್ನು ಒತ್ತಿ ಹಿಡಿಯುತ್ತದೆ. ತಗಡು ಸಡಿಲವಾದರೆ, ಕಿಲುಬು ಹಿಡಿದರೆ ಆ ಜಾಗವೇ ಕಾಯುತ್ತದೆ. ಬ್ಯಾಟರಿ ಬಿಚ್ಚಿ, ಕ್ಲಿಪ್ ಉಜ್ಜಿ, ಸ್ವಲ್ಪ ಒಳಕ್ಕೆ ಬಗ್ಗಿಸಿ, ಫ್ಯೂಸ್ ಹೊಸದು ಹಾಕಿ. ಎಷ್ಟೋ ಕಾರುಗಳ ಅರ್ಧ ಕಾಯಿಲೆ ಇಷ್ಟಕ್ಕೇ ಹೋಗುತ್ತದೆ.

ಆದರೆ ಇಲಿ ಕಡಿದಿದೆ ಎಂದಿದ್ದೀರಿ. ಬೆರಳಲ್ಲಿ ಬಗ್ಗಿಸಿದರೆ ತೊಗಲು ಒಡೆಯುತ್ತದೆಯಾ ನೋಡಿ. ಒಡೆದರೆ ಟೇಪ್ ಸುತ್ತಿ ದಿನ ದೂಡಬೇಡಿ, ಬೆಂಕಿಯ ಅಪಾಯ ಅದು. ಪೂರ್ತಿ ಬದಲಿಸುವುದೇ ಸರಿ. ನನ್ನ ಒತ್ತಾಯ ಒಂದೇ: ಕತ್ತರಿಸಿ ಎಸೆಯಬಾರದು. ಎಲ್ಲ ಕಡೆ ಫೋಟೋ ತೆಗೆದು, ಪ್ರತಿ ತುದಿಗೂ ಚೀಟಿ ಕಟ್ಟಿ, ಹಳೇ ವೈರಿಂಗನ್ನು ಇಡಿಯಾಗಿ ಹೊರತೆಗೆಯಿರಿ. ಪ್ಲೈವುಡ್ ಮೇಲೆ ಹಾಸಿ ಮೊಳೆ ಹೊಡೆದು, ಅದರ ಮೇಲೆಯೇ ಹೊಸತನ್ನು ಹೆಣೆಯಬೇಕು. ಉದ್ದ ಸರಿಯಾಗಿ ಬರುತ್ತದೆ, ಕವಲು ಸರಿಯಾದ ಜಾಗದಲ್ಲಿ ಒಡೆಯುತ್ತದೆ. ಹಳೇ ಬಣ್ಣಗಳನ್ನೇ ಉಳಿಸಿ. ಎಲ್ಲಕ್ಕೂ ಕೆಂಪು ವೈರ್ ಎಳೆದರೆ ಮುಂದೆ ರಾತ್ರಿ ದಾರಿಯಲ್ಲಿ ನಿಂತಾಗ ಯಾರಿಗೂ ಬುಡ ತುದಿ ಸಿಗುವುದಿಲ್ಲ, ಅಲ್ವಾ?

ವೈರಿನ ದಪ್ಪ ಮುಖ್ಯ. ಮೀಟರ್, ಪಾರ್ಕಿಂಗ್ ಲೈಟಿಗೆ 1 ಚದರ ಮಿಲಿಮೀಟರ್ ಸಾಕು. ಹೆಡ್‌ಲೈಟಿಗೆ 2, ಬ್ಯಾಟರಿಯಿಂದ ಬರುವ ಮುಖ್ಯ ವೈರಿಗೆ 3 ಅಥವಾ ಅದಕ್ಕಿಂತ ಮೇಲೆ. ಮನೆ ವೈರಿಂಗಿನ ಗಟ್ಟಿ ಒಂಟಿ ತಂತಿ ಬೇಡ, ಕಾರಿನ ಅದುರಾಟಕ್ಕೆ ತುಂಡಾಗುತ್ತದೆ. ತುದಿಗಳನ್ನು ಸರಿಯಾದ ಕ್ರಿಂಪಿಂಗ್ ಉಪಕರಣದಲ್ಲೇ ಒತ್ತಿಸಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್, ಹಾಕಿಸಿದರೆ ಇನ್ನೂ ಒಳ್ಳೆಯದು. 55 ವಾಟಿನ ಎರಡು ಬಲ್ಬ್ ಅಂದರೆ 9 ಆಂಪಿಯರಿಗೂ ಹೆಚ್ಚು. ಆ ಭಾರವನ್ನು ಅರ್ಧ ಶತಮಾನ ದಾಟಿದ ಸ್ವಿಚ್ ಯಾಕೆ ಹೊರಬೇಕು? ರಿಲೇಗೆ ಬರುವ ವೈರಿಗೆ ಫ್ಯೂಸ್ ಮರೆಯಬೇಡಿ.

ನಿಮ್ಮ ಕಾರಿಗೆ 50 ವರ್ಷ ದಾಟಿದೆ. 2021ರ ಕೇಂದ್ರದ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು ಎನ್ನುವುದು ಅದರ ಷರತ್ತು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಅದನ್ನು ಯೋಚಿಸಿ ಮುಂದುವರಿಯಿರಿ.

ಪ್ರಶ್ನೆ: ಮೀಟರ್ ಬೋರ್ಡಿನ ಎಲ್ಲ ಬಲ್ಬ್ ತೆಗೆದು ಎಲ್‌ಇಡಿ ಹಾಕಿದೆ. ಆಮೇಲಿಂದ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಸಂಬಂಧ ಇದೆಯಾ? – ಓದುಗರು, ಮಲ್ಪೆ

ಇದೆ, ನಿಮ್ಮ ಕಾರಿಗೆ ಬ್ಯಾಟರಿ ಚಾರ್ಜ್ ಮಾಡಲು ಆಲ್ಟರ್ನೇಟರ್ ಹಾಕಿದ್ದರೆ. ಚಾರ್ಜಿಂಗ್ ಕೆಂಪು ದೀಪದ ಮೂಲಕ ಹೋಗುವ ಸಣ್ಣ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಎಲ್‌ಇಡಿ ಬಿಡುವ ಕರೆಂಟ್ ಅದಕ್ಕೆ ಸಾಲುವುದಿಲ್ಲ. ಆ ಒಂದು ಜಾಗಕ್ಕೆ ಹಳೆಯ 12 ವೋಲ್ಟ್, 2.2 ವಾಟ್ ಬಲ್ಬನ್ನೇ ವಾಪಸ್ ಹಾಕಿ. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಸಮಾನಾಂತರವಾಗಿ 68 ಓಮ್, 5 ವಾಟಿನ ರೆಸಿಸ್ಟರ್ ಸೇರಿಸಿ. ರೆಸಿಸ್ಟರ್ ಬಿಸಿಯಾಗುತ್ತದೆ, ವೈರುಗಳಿಗೆ ತಾಗದ ಹಾಗೆ ಕಟ್ಟಿ. ಆಲ್ಟರ್ನೇಟರ್ ಬದಲು ಹಳೇ ಕಾಲದ ಡೈನಮೋ ಇರುವ ಕಾರಾದರೆ ಎಲ್‌ಇಡಿ ಮೇಲೆ ತಪ್ಪು ಹೊರಿಸಬೇಡಿ. ಬೆಲ್ಟ್ ಬಿಗಿ ಇದೆಯಾ, ಕಾರ್ಬನ್ ಬ್ರಷ್ ಸವೆದಿದೆಯಾ, ಡೈನಮೋವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಕಟೌಟ್ ಡಬ್ಬಿಯ ಅರ್ತ್ ಸರಿ ಇದೆಯಾ ಎಂದು ಆ ಕ್ರಮದಲ್ಲೇ ನೋಡಿ.