ಸುಹಾಸ್ ಅವರ ಹಿತ್ತಲ ಕೋರ್ಸ್ ಯೋಜನೆಗೆ ಉತ್ತರ: ಮರ ಖರೀದಿಸುವ ಮುನ್ನ ಓದಿ

ಸುಹಾಸ್ ಅವರೇ, ನೀವು ಗುಂಪಿನಲ್ಲಿ ಹಾಕಿರುವ ನಕ್ಷೆಯನ್ನೂ ದಿನಚರಿಯನ್ನೂ ಎರಡೆರಡು ಸಲ ಓದಿದೆ. ಸಾಲು ಅಡೆತಡೆಗಳ ಕೋರ್ಸ್ ದಾಟುವ ಅಮೆರಿಕದ ಟಿವಿ ಸ್ಪರ್ಧೆ ‘ಅಮೆರಿಕನ್ ನಿಂಜಾ ವಾರಿಯರ್’ ಕಂತುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಕೈಯಲ್ಲಿ ಹಿಡಿದ ಸರಳನ್ನು ಹಂತದಿಂದ ಹಂತಕ್ಕೆ ಎಗರಿಸುತ್ತ ಏರುವ ಸಾಲ್ಮನ್ ಲ್ಯಾಡರ್‌ನ ಹಂತಗಳ ಅಂತರವನ್ನು ಪರದೆಯ ಮೇಲೆಯೇ ಅಳೆದು, ಅದೇ ಅಳತೆಯಲ್ಲಿ ಹಿತ್ತಲಿನಲ್ಲಿ ಕಟ್ಟಿಕೊಂಡು, ಪ್ರತಿ ಸಂಜೆ 50 ಸಲ ಮಾಡುವುದಾಗಿ ಬರೆದಿದ್ದೀರಿ. 14 ವರ್ಷದ ಮಗನೂ ಜೊತೆಗಿರುತ್ತಾನೆ ಎಂದಿರುವುದು ಓದಿ ಸಂತೋಷವಾಯಿತು. ಆದರೆ ಇದೇ ಯೋಜನೆಯನ್ನು, ಹೆಚ್ಚುಕಡಿಮೆ ಇದೇ ಅಳತೆಗಳಲ್ಲಿ, ಡಾಲಸ್‌ನ ನನ್ನ ಮನೆಯ ಹಿತ್ತಲಿನಲ್ಲಿ ಮಾಡಿ ಎರಡು ವರ್ಷವನ್ನೂ ಒಂದು ಭುಜವನ್ನೂ ಕಳೆದುಕೊಂಡವನು ನಾನು. ಆದ್ದರಿಂದ ಸುಮ್ಮನಿರಲು ಮನಸ್ಸಾಗಲಿಲ್ಲ.

ನನ್ನ ಲ್ಯಾಡರ್‌ನಲ್ಲಿ 9 ಹಂತಗಳಿದ್ದವು. ಹಂತದಿಂದ ಹಂತಕ್ಕೆ ಒಂದಡಿ; ಸರಳು ಒಂದೂಕಾಲು ಇಂಚಿನ ಉಕ್ಕಿನ ಕೊಳವೆ. ಎರಡನೆಯ ಬೇಸಿಗೆಯ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಮೇಲಕ್ಕೂ ಕೆಳಕ್ಕೂ ಹೋಗಿಬರುವಷ್ಟು ಪಳಗಿದ್ದೆ. ಆ ವರ್ಷದ ಅಕ್ಟೋಬರಿನಲ್ಲಿ ಒಂದು ಜಿಮ್ ನಡೆಸಿದ ಸ್ಪರ್ಧೆಗೆ ಹೋದೆ. ಬೆಳಿಗ್ಗೆ 8ಕ್ಕೆ ಹೆಸರು ಬರೆಸಿದರೂ ನನ್ನ ಸರದಿ ಬಂದದ್ದು ಮಧ್ಯಾಹ್ನ 2 ದಾಟಿದ ಮೇಲೆ. ಅಲ್ಲಿನ ಸರಳು ನನ್ನದಕ್ಕಿಂತ ದಪ್ಪವಾಗಿತ್ತು, ಭಾರವಾಗಿತ್ತು. ಹಂತಗಳ ಅಂತರವೂ ಎರಡು ಇಂಚು ಹೆಚ್ಚಿತ್ತು. ಎಷ್ಟು ಎಳೆಯಬೇಕೆಂಬುದನ್ನು ನನ್ನ ದೇಹ ಎರಡು ವರ್ಷದಿಂದ ಕಂಠಪಾಠ ಮಾಡಿಕೊಂಡಿತ್ತಲ್ಲ, ಅಷ್ಟನ್ನೇ ಎಳೆಯಿತು. ಎರಡನೆಯ ಹಂತದಲ್ಲಿ ಸರಳಿನ ಎಡತುದಿ ಕೂತಿತು, ಬಲತುದಿ ಕೂರಲಿಲ್ಲ. ಇಡೀ ಮೈಯ ಭಾರ ಒಮ್ಮೆಲೇ ಒಂದೇ ಭುಜದ ಮೇಲೆ ಬಿದ್ದು ಕೀಲಿನ ಅಂಚು ಹರಿಯಿತು. ಏಳು ತಿಂಗಳು ಫಿಸಿಯೋಥೆರಪಿಯಲ್ಲಿ ಕಳೆಯಿತು. ನನಗೆ ಶಕ್ತಿ ಕಡಿಮೆಯಿರಲಿಲ್ಲ; ಅಭ್ಯಾಸದ ಬಗೆಯೇ ತಪ್ಪಾಗಿತ್ತು.

ಏಕೆ ತಪ್ಪು ಎಂಬುದು ಆ ಕಾರ್ಯಕ್ರಮದ ತೆರೆಮರೆಯ ಕ್ರಮ ತಿಳಿದರೆ ಅರ್ಥವಾಗುತ್ತದೆ. ಸ್ಪರ್ಧಿಗಳಿಗೆ ಕೋರ್ಸ್ ಉದ್ದಕ್ಕೂ ನಡೆಸಿಕೊಂಡು ಹೋಗಿ ನಿಯಮಗಳನ್ನು ವಿವರಿಸುತ್ತಾರೆ. ಎಲ್ಲಿ ಕೈಯಿಡಬಹುದು, ಎಲ್ಲಿ ಇಟ್ಟರೆ ಅನರ್ಹತೆ ಎಂದು ಹೇಳುತ್ತಾರೆ. ಆದರೆ ಮುಟ್ಟಲು ಬಿಡುವುದಿಲ್ಲ. ಮೊದಲೇ ಅದನ್ನು ಏರಿ ಇಳಿದು ನೋಡುವವರು ಪರೀಕ್ಷಕರು ಮಾತ್ರ. ಅವರು ಪ್ರಯತ್ನಿಸಿದ ಮೇಲೆ ತೀರಾ ಸುಲಭವೆನಿಸಿದ್ದನ್ನು ಬಿಗಿಗೊಳಿಸುತ್ತಾರೆ, ಅಸಾಧ್ಯವೆನಿಸಿದ್ದನ್ನು ಸಡಿಲಿಸುತ್ತಾರೆ. ಅಂದರೆ ಕಳೆದ ವರ್ಷದ ಕಂತಿನಿಂದ ನೀವು ಅಳೆದುಕೊಂಡ ಅಂತರ ಈ ವರ್ಷ ಹಾಗೆಯೇ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಜೊತೆಗೆ ನಗರ ಸುತ್ತುಗಳ (ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಿದ್ದ ಆಯ್ಕೆ ಸುತ್ತುಗಳ) ಚಿತ್ರೀಕರಣ ಸೂರ್ಯ ಮುಳುಗಿದ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಒಂದು ರಾತ್ರಿಯಲ್ಲಿ 100ಕ್ಕೂ ಹೆಚ್ಚು ಜನ ಓಡಿದರೆ, ಜಾಹೀರಾತು ಸೇರಿದ ಎರಡು ಗಂಟೆಯ ಕಂತಿನಲ್ಲಿ ಪೂರ್ತಿಯಾಗಿ ಕಾಣಿಸುವವರು ಕೆಲವರೇ. ಉಳಿದವರದು ಕೆಲವು ಸೆಕೆಂಡುಗಳ ತುಣುಕು ಅಥವಾ ಅದೂ ಇಲ್ಲ. ಪರದೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಉತ್ಸಾಹದಿಂದ ಓಡಿಬರುವುದು ಕಾಣುತ್ತದೆಯೇ ಹೊರತು, ರಾತ್ರಿ 3 ಗಂಟೆಗೆ ಕೈ ಮರಗಟ್ಟಿ, ಊಟ ಅರಗಿ ಹೋಗಿ, ಕಾಯ್ದು ಕಾಯ್ದು ಸ್ನಾಯು ತಣ್ಣಗಾದವರು ವೇದಿಕೆ ಹತ್ತುವುದು ಕಾಣುವುದಿಲ್ಲ. ಮೊದಲಿನ ವರ್ಷಗಳಲ್ಲಿ ಆಹ್ವಾನವಿಲ್ಲದೆಯೇ ಬಂದು ಅವಕಾಶಕ್ಕಾಗಿ ಸರತಿಯಲ್ಲಿ ದಿನಗಟ್ಟಲೆ ಡೇರೆ ಹಾಕಿಕೊಂಡು ಕೂರುತ್ತಿದ್ದವರ ಸ್ಥಿತಿ ಇದಕ್ಕಿಂತಲೂ ಕಷ್ಟದ್ದಾಗಿತ್ತು.

ಇದೆಲ್ಲದರ ಮೂಲ ಜಪಾನಿನ ಟಿವಿ ಸ್ಪರ್ಧೆ ‘ಸಾಸುಕೆ’ ಎಂಬುದು ನಿಮಗೆ ಗೊತ್ತೇ ಇದೆ. ಟಿಬಿಎಸ್ ವಾಹಿನಿ 1997ರಲ್ಲಿ ಅದನ್ನು ಒಳಾಂಗಣದಲ್ಲಿ ಆರಂಭಿಸಿ, ಆಮೇಲೆ ಯೊಕೊಹಾಮಾದ ಮಿದೊರಿಯಾಮಾ ಸ್ಟುಡಿಯೋದ ಬಯಲಿಗೆ ಕೊಂಡೊಯ್ದಿತು. ನಮ್ಮಲ್ಲಿ ಅನೇಕರು ಚಿಕ್ಕವರಿದ್ದಾಗ ಪೋಗೋ ವಾಹಿನಿಯಲ್ಲಿ ಜಾವೇದ್ ಜಾಫ್ರಿಯವರ ಧ್ವನಿಯಲ್ಲಿ ನೋಡುತ್ತಿದ್ದ ‘ತಾಕೆಶೀಸ್ ಕ್ಯಾಸಲ್’ ಚಿತ್ರೀಕರಣವಾದದ್ದೂ ಅದೇ ಮಿದೊರಿಯಾಮಾದಲ್ಲಿ, 1980ರ ದಶಕದಲ್ಲಿ. ಈ ‘ಸಾಸುಕೆ’ಯ ಇತಿಹಾಸವೇ ನಿಮ್ಮ ಯೋಜನೆಗೆ ಉತ್ತರ. 100 ಸ್ಪರ್ಧಿಗಳಂತೆ ನಡೆದ ಮೊದಲ 40 ಸ್ಪರ್ಧೆಗಳಲ್ಲಿ ನಾಲ್ಕೂ ಹಂತ ದಾಟಿ ಗೋಪುರದ ತುದಿ ಮುಟ್ಟಿದವರು ನಾಲ್ಕೇ ಮಂದಿ, ಒಟ್ಟು ಆರೇ ಸಲ. 1999ರಲ್ಲಿ ನಡೆದ ನಾಲ್ಕನೆಯ ಸ್ಪರ್ಧೆಯಲ್ಲಿ ಏಡಿ ಹಿಡಿಯುವ ಬೆಸ್ತ ಕಾಜುಹಿಕೊ ಅಕಿಯಾಮಾ ಮೊದಲಿಗೆ ಗೆದ್ದರು. ಮುಂದಿನ ಸ್ಪರ್ಧೆಗೆ ಕೋರ್ಸನ್ನೇ ಬದಲಿಸಿ, ಇಂದು ನಾವೆಲ್ಲ ಹಿತ್ತಲಿನಲ್ಲಿ ಕಟ್ಟುವ, ಓಡಿಬಂದು ಹತ್ತಬೇಕಾದ ಬಾಗಿದ ಗೋಡೆ ವಾರ್ಪ್ಡ್ ವಾಲ್ ಅನ್ನು ತಂದು ನಿಲ್ಲಿಸಿದರು. 2006ರಲ್ಲಿ ಹದಿನೇಳನೆಯ ಸ್ಪರ್ಧೆಯನ್ನು ಮೀನುದೋಣಿಯ ಕಪ್ತಾನ ಮಕೊಟೊ ನಗಾನೊ ಗೆದ್ದರು. ಹದಿನೆಂಟನೆಯದರಲ್ಲಿ ಸಾಲ್ಮನ್ ಲ್ಯಾಡರ್ ಹೊಸದಾಗಿ ಬಂತು. ಪಾದರಕ್ಷೆ ಮಾರುತ್ತಿದ್ದ ಯೂಜಿ ಉರುಶಿಹಾರಾ 2010ರಲ್ಲಿ ಗೆದ್ದಾಗಲೂ ಹಾಗೆಯೇ ಆಯಿತು. ಯಾರಾದರೂ ಪಳಗಿದ ಕೂಡಲೇ ಕೋರ್ಸ್ ಬದಲಾಗುತ್ತದೆ. ನೀವು ಹಿತ್ತಲಿನಲ್ಲಿ ಕಟ್ಟಲು ಹೊರಟಿರುವ ಲ್ಯಾಡರ್ ಕೂಡ ಹಿಂದಿನ ಕೋರ್ಸಿಗೆ ಪಳಗಿದವರನ್ನು ತಡೆಯಲು ಬಂದದ್ದು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ನನಗೆ ಫಲ ಕೊಟ್ಟದ್ದು ಒಂದೇ ವಿಧಾನ. ನಾವು ಮನೆಯಲ್ಲಿ ಇದನ್ನು ‘ಒಂದೇ ಸರದಿ’ ಎನ್ನುತ್ತೇವೆ. ಶನಿವಾರ ಸಂಜೆ ನಾನು ಮನೆಯೊಳಗಿರುವಾಗ ನನ್ನ ಮಗಳು ಹಿತ್ತಲಿನ ರಿಗ್ (ರಿಂಗ್, ಸರಳುಗಳನ್ನು ನೇತುಹಾಕುವ ಚೌಕಟ್ಟು) ಅನ್ನು ತನಗೆ ತೋಚಿದಂತೆ ಬದಲಿಸುತ್ತಾಳೆ: ಒಂದು ರಿಂಗ್ ತೆಗೆದು ಹಗ್ಗದ ಗಂಟು ಕಟ್ಟುತ್ತಾಳೆ, ಒಂದು ಸರಳನ್ನು ಓರೆ ಮಾಡುತ್ತಾಳೆ, ಲಾಶೆಯ (ಒಂದು ಸರಳಿನಿಂದ ತೂಗಿ ಇನ್ನೊಂದಕ್ಕೆ ಹಾರುವುದರ) ಅಂತರವನ್ನು ಅರ್ಧ ಅಡಿ ಹಿಗ್ಗಿಸುತ್ತಾಳೆ ಅಥವಾ ಕುಗ್ಗಿಸುತ್ತಾಳೆ. ಅದಕ್ಕೆ ಅನುಕೂಲವಾಗಲೆಂದೇ ರಿಗ್‌ನ ಮೇಲಿನ ಎರಡು ತೊಲೆಗಳಲ್ಲಿ 6 ಇಂಚಿಗೊಂದರಂತೆ ತೂತು ಕೊರೆದಿದ್ದೇನೆ. ನೀವೂ ಈಗಲೇ ಕೊರೆಯಿರಿ, ತೊಲೆ ಏರಿಸಿದ ಮೇಲೆ ಕೊರೆಯುವುದು ಬಹಳ ಕಷ್ಟ. ಬದಲಿಸಿದ ಮೇಲೆ ಮೊದಲು ಅವಳು ಪ್ರತಿಯೊಂದು ಕೊಂಡಿಗೂ ಮರಳಿನ ಚೀಲ ತೂಗುಹಾಕಿ ನೋಡಬೇಕು. ಇದನ್ನು ಒಂದು ವಾರವೂ ಬಿಡುವಂತಿಲ್ಲ. ಆಮೇಲೆ ನಾನು ಹೊರಗೆ ಬಂದು ಐದು ನಿಮಿಷ ಮುಟ್ಟದೆ ನೋಡುತ್ತೇನೆ. ಯಾವ ಕೈ ಮೊದಲು, ಎಲ್ಲಿ ಉಸಿರು, ಎಲ್ಲಿ ಮೈ ತಿರುಗಬೇಕು, ಮೊದಲನೆಯ ದಾರಿ ಕೈಕೊಟ್ಟರೆ ಎರಡನೆಯದು ಯಾವುದು ಎಂದು ಬಾಯಿಬಿಟ್ಟು ಅವಳಿಗೆ ಹೇಳುತ್ತೇನೆ. ಅನಂತರ ಒಂದೂವರೆ ಗಂಟೆ ಕಾಯುತ್ತೇನೆ. ಅವಳು ಯಾವಾಗ ಕರೆಯುತ್ತಾಳೋ ಗೊತ್ತಿರುವುದಿಲ್ಲ. ಕರೆದ ಮೇಲೆ ಮೈ ಬೆಚ್ಚಗಾಗಿಸಿಕೊಳ್ಳಲು ಹತ್ತು ನಿಮಿಷ, ಆಮೇಲೆ ಒಂದೇ ಒಂದು ಪ್ರಯತ್ನ. ಬಿದ್ದರೆ ಆ ದಿನಕ್ಕೆ ಮುಗಿಯಿತು. ಮೊದಲ ಮೂರು ತಿಂಗಳು ನಾನು ಹತ್ತರಲ್ಲಿ ಎಂಟು ಸಲ ಬಿದ್ದೆ. ಈಗ ಹತ್ತರಲ್ಲಿ ಆರು ಸಲ ದಾಟುತ್ತೇನೆ. ಕಳೆದ ವರ್ಷ ಅದೇ ಜಿಮ್‌ನ ಸ್ಪರ್ಧೆಯಲ್ಲಿ, ಅದುವರೆಗೆ ನೋಡಿಯೇ ಇರದ ಮೂರು ಅಡೆತಡೆಗಳನ್ನು ಮೊದಲ ಯತ್ನದಲ್ಲೇ ದಾಟಿದೆ.

ಹಾಗೆಂದು ವಾರದ ಉಳಿದ ದಿನ ಪುನರಾವರ್ತನೆ ಬೇಡವೆಂದಲ್ಲ. ಬಲಕ್ಕೆ ಪುನರಾವರ್ತನೆ ಬೇಕೇ ಬೇಕು, ಆದರೆ ಅದನ್ನು ಪುಲ್ ಅಪ್ ಸರಳು, ನೇತಾಡುವುದು, ಹಗ್ಗ ಏರುವುದು ಇಂಥ ಸರಳ ವ್ಯಾಯಾಮಗಳಲ್ಲಿ ಮಾಡಿ. ದಿನಕ್ಕೆ 50 ಸಾಲ್ಮನ್ ಲ್ಯಾಡರ್ ಎಂಬುದು ಭುಜಕ್ಕೆ ಮಾಡುವ ಅನ್ಯಾಯ. ವಾರಕ್ಕೆ ಎರಡು ದಿನ, ದಿನಕ್ಕೆ ಐದಾರು ಸಲ ಸಾಕು. ಸರಳನ್ನು ಮಾತ್ರ ಪ್ರತಿ ತಿಂಗಳೂ ಬದಲಿಸಿ. ಬೇರೆ ಬೇರೆ ದಪ್ಪದ ಮೂರು ಕೊಳವೆಗಳನ್ನು ಕತ್ತರಿಸಿ ಇಟ್ಟುಕೊಳ್ಳಲು ಹೆಚ್ಚೇನೂ ಖರ್ಚಾಗುವುದಿಲ್ಲ.

ವಾರ್ಪ್ಡ್ ವಾಲ್ ವಿಷಯದಲ್ಲಿ ಮಾತ್ರ ನಕಲು ಉಪಯುಕ್ತ, ಏಕೆಂದರೆ ಅದು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ: ಮೊದಲು 14 ಅಡಿ ಇದ್ದದ್ದು ಆಮೇಲೆ 14.5 ಅಡಿಯಾಯಿತು, 2018ರಿಂದ ಪಕ್ಕದಲ್ಲೇ 18 ಅಡಿಯ ಮೆಗಾ ವಾಲ್ ಕೂಡ ಬಂತು. ಆದರೆ ನಿಮ್ಮ ನಕ್ಷೆಯಲ್ಲಿ ಬಾಗಿನ ತ್ರಿಜ್ಯ 6 ಅಡಿ ಎಂದಿದೆ. ನಾನೂ ಅದನ್ನೇ ಇಟ್ಟಿದ್ದೆ. ಅಷ್ಟು ಬಿಗಿಯಾದ ಬಾಗಿನಲ್ಲಿ ಎರಡನೆಯ ಹೆಜ್ಜೆಗೇ ಗೋಡೆ ಮುಖಕ್ಕೆ ಬಂದಂತಾಗಿ ಓಟದ ವೇಗವೆಲ್ಲ ಸಾಯುತ್ತದೆ. ಒಂದೂವರೆ ಪಟ್ಟಾದರೂ ಹಿಗ್ಗಿಸಿ. ಮೇಲ್ಮೈಗೆ ದಪ್ಪ ಪ್ಲೈವುಡ್ ಒಂದೇ ಪದರ ಹಾಕಿದರೆ ಬಾಗುವುದಿಲ್ಲ, ತೆಳುವಾದದ್ದು ಎರಡು ಪದರ ಹಾಕಿ, ಜೋಡಣೆಯ ಗೆರೆಗಳು ಒಂದರ ಮೇಲೊಂದು ಬರದಂತೆ ನೋಡಿಕೊಳ್ಳಿ. ಹೊಳಪಿನ ಬಣ್ಣವನ್ನಂತೂ ಹಚ್ಚಲೇಬೇಡಿ. ಮರಳು ಬೆರೆಸಿದ ಬಣ್ಣ ಹಚ್ಚಿ ನಾನು ಮೊಣಕಾಲು, ಮುಂಗೈಗಳ ಚರ್ಮ ಕಿತ್ತುಕೊಂಡೆ. ಡೆಕ್‌ಗೆ ಹಚ್ಚುವ ಬಣ್ಣಕ್ಕೆ ಜಾರುನಿರೋಧಕ ನುಣ್ಣನೆಯ ಪುಡಿ ಬೆರೆಸಿ ಹಚ್ಚುವುದು ಸರಿ. ಮೇಲಿನ ಮೂರಡಿಗೆ ಅದೂ ಬೇಡ, ಅಲ್ಲಿ ಹೊಟ್ಟೆ ಉಜ್ಜಿಕೊಂಡು ಏರಬೇಕು. ಏರುವಾಗ ಕಾಲು ನೋಡಬೇಡಿ, ಅಂಚನ್ನೇ ನೋಡಿ. ಕೊನೆಯ ಹೆಜ್ಜೆ ಗೋಡೆಯಿಂದ ಆಚೆಗಲ್ಲ, ಮೇಲಕ್ಕೆ ತಳ್ಳಬೇಕು. ಎತ್ತರ ಕಡಿಮೆಯೆಂದು ಹಿಂಜರಿಯುವವರು 2014ರ ಡಾಲಸ್ ಸುತ್ತನ್ನು ನೋಡಲಿ: 5 ಅಡಿ ಎತ್ತರದ ಕೇಸಿ ಕ್ಯಾಟನ್ಜಾರೋ ಆ ಗೋಡೆ ಏರಿದ ಮೊದಲ ಮಹಿಳೆಯಾದದ್ದು ಓಟದ ಲಯದಿಂದ, ಕೈಯ ಉದ್ದದಿಂದಲ್ಲ.

ಶೂ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ದಪ್ಪ ಮೆತ್ತೆಯಿರುವ ಓಟದ ಶೂ ಗೋಡೆಗೆ ಕೆಲಸಕ್ಕೆ ಬಾರದು. ನಿಂಜಾ ಬಳಗದಲ್ಲಿ ಬಹಳ ಜನ ನೆಚ್ಚುವ ನ್ಯೂ ಬ್ಯಾಲೆನ್ಸ್ ಮಿನಿಮಸ್ ಎಂಟಿ10 ನನಗೂ ಒಗ್ಗಿದೆ. ಅದರ ವೈಬ್ರಂ ಅಟ್ಟೆ ತೆಳುವಾಗಿದ್ದು ಕಾಲಿಗೆ ಮೇಲ್ಮೈಯ ಅರಿವಾಗುತ್ತದೆ. ಆದರೆ ಅದೇ ಶೂ ಹಾಕಿಕೊಂಡು ರಸ್ತೆಯಲ್ಲಿ ನಡೆಯಬೇಡಿ, ಅಟ್ಟೆಗೆ ಧೂಳು ಮೆತ್ತಿದರೆ ಹಿಡಿತ ಹೋಗುತ್ತದೆ. ಚಾಕ್‌ಗೆ ದುಬಾರಿ ಡಬ್ಬಿ ಬೇಕಿಲ್ಲ, ಶುದ್ಧ ಮೆಗ್ನೀಷಿಯಂ ಕಾರ್ಬೊನೇಟ್ ಇದ್ದರೆ ಸಾಕು. ಸೆಕೆ ಹೆಚ್ಚಿದ್ದರೆ ಮೊದಲೊಂದು ಪದರ ದ್ರವ ಚಾಕ್ ಹಚ್ಚಿ ಆಮೇಲೆ ಪುಡಿ ಹಚ್ಚಿ.

ನಿಮ್ಮ ದಿನಚರಿಯಲ್ಲಿ ಗಡಿಯಾರಕ್ಕೆ ಜಾಗವೇ ಇಲ್ಲ. ನಗರ ಸುತ್ತುಗಳಲ್ಲಿ ಕೋರ್ಸ್ ಮುಗಿಸಿ ಬಝರ್ ಒತ್ತಿದವರಷ್ಟೇ ಮುಂದೆ ಹೋಗುತ್ತಿದ್ದರು ಎಂದಲ್ಲ. ನೀರಿಗೆ ಬಿದ್ದವರಲ್ಲಿಯೂ ಯಾರು ಹೆಚ್ಚು ದೂರ, ಅದರಲ್ಲೂ ಯಾರು ಬೇಗ ತಲುಪಿದ್ದರೋ ಅವರಿಗೆ ಸ್ಥಾನ ಸಿಗುತ್ತಿತ್ತು. ಆದ್ದರಿಂದ ಸುಲಭವಾದ ಮೊದಲ ಎರಡು ಅಡೆತಡೆಗಳಲ್ಲಿ ಕಾಲಹರಣ ಮಾಡಬಾರದು, ಕೈಗೆ ಭಾರವಾಗುವ ಅಡೆತಡೆಗೆ ಮುಂಚೆ ಮಾತ್ರ ಉಸಿರು ತೆಗೆದುಕೊಳ್ಳಬೇಕು. ವೇಗದ ಬೆಲೆ ಎಷ್ಟೆಂಬುದಕ್ಕೆ 2015ರ ಲಾಸ್ ವೇಗಸ್ ಅಂತಿಮ ಸುತ್ತು ಸಾಕ್ಷಿ. 75 ಅಡಿ ಹಗ್ಗ, 30 ಸೆಕೆಂಡಿನ ಮಿತಿ. ವೃತ್ತಿಯಲ್ಲಿ ಟಿವಿ ಕ್ಯಾಮೆರಾ ನಿರ್ವಾಹಕರಾದ ಜೆಫ್ ಬ್ರಿಟನ್ ಮಿತಿಯೊಳಗೆ ಏರಿ ಬಝರ್ ಒತ್ತಿದರು; ಅವರ ಬೆನ್ನಿಗೇ ಐಸಾಕ್ ಕಾಲ್ಡಿಯೆರೊ ಸುಮಾರು ಮೂರೂವರೆ ಸೆಕೆಂಡು ಬೇಗ ಏರಿದರು. 10 ಲಕ್ಷ ಡಾಲರ್ ಪೂರ್ತಿ ಕಾಲ್ಡಿಯೆರೊ ಅವರಿಗೆ ಹೋಯಿತು, ಬ್ರಿಟನ್ ಅವರಿಗೆ ಬಹುಮಾನದಲ್ಲಿ ಪಾಲು ಸಿಗಲಿಲ್ಲ. ಹಾಗಾಗಿ ಹಗ್ಗ ಏರುವುದನ್ನು ಯಾವಾಗಲೂ ಗಡಿಯಾರ ಇಟ್ಟುಕೊಂಡೇ, ಅದೂ ದಣಿದ ಮೇಲೆ ಮಾಡಿ. ಹಗ್ಗದ ಕೆಳಗೆ ಮ್ಯಾಟ್ ಇಲ್ಲದೆ, ಮೇಲೆ ಬಿಲೇ (ಬಿದ್ದರೆ ತಡೆಹಿಡಿಯುವ ಸುರಕ್ಷತಾ ಹಗ್ಗ) ಇಲ್ಲದೆ 12 ಅಡಿ ದಾಟಬೇಡಿ.

ಇನ್ನು ನಿಮ್ಮ ಮಗನ ವಿಷಯ. 2021ರಿಂದ ಸ್ಪರ್ಧಿಗಳ ಕನಿಷ್ಠ ವಯಸ್ಸು 15ಕ್ಕೆ ಇಳಿದಿರುವುದರಿಂದ ಅವನ ಆಸೆ ದೂರದ್ದಲ್ಲ. ಆದರೆ ನಕ್ಷೆಯಲ್ಲಿರುವ ಕ್ಲಿಫ್‌ಹ್ಯಾಂಗರ್ ಅನ್ನು ಅವನಿಗೆ ಈಗಲೇ ಕೊಡಬೇಡಿ. ಮೂರು ಸೆಂಟಿಮೀಟರ್ ಅಂಚಿನ ಮೇಲೆ ಬೆರಳ ತುದಿಯಲ್ಲಿ ಮೈ ತೂಗಿ ಹಾರುವುದು, ಬೆರಳಿನ ಮೂಳೆ ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಅಪಾಯಕಾರಿ. ಮೂಳೆಯ ಬೆಳವಣಿಗೆಯ ಭಾಗಕ್ಕೇ ಪೆಟ್ಟಾಗುತ್ತದೆ. ಬೆರಳಿನ ಗೆಣ್ಣು ನೋಯುತ್ತದೆಂದು ಅವನು ಹೇಳಿದ ದಿನವೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ದೊಡ್ಡ ಹಿಡಿ, ರಿಂಗ್, ತೂಗಾಟ, ಸಮತೋಲನ ಇವಿಷ್ಟರಲ್ಲೇ ಅವನಿಗೆ ಕಲಿಯಲು ಬೇಕಾದಷ್ಟಿದೆ.

ನನ್ನ ವಾದಕ್ಕೆ ಒಂದು ದೊಡ್ಡ ಅಪವಾದವಿದೆ. ಟೋಕಿಯೊ ಒಲಿಂಪಿಕ್ಸ್‌ನ ಐದು ಕ್ರೀಡೆಗಳ ಸ್ಪರ್ಧೆಯಾದ ಆಧುನಿಕ ಪೆಂಟಾಥ್ಲಾನ್‌ನಲ್ಲಿ ಕುದುರೆಯೊಂದಕ್ಕೆ ಆದ ಹಿಂಸೆಯ ತರುವಾಯ ಕುದುರೆ ಸವಾರಿಯನ್ನು ಕೈಬಿಟ್ಟು, 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದಿಂದ ಅದರ ಜಾಗಕ್ಕೆ ಅಡೆತಡೆ ಓಟವನ್ನು ತರುತ್ತಿದ್ದಾರೆ. ಅದನ್ನು ರೂಪಿಸುವಾಗ ‘ಸಾಸುಕೆ’ಯ ಟಿಬಿಎಸ್ ಜೊತೆಗೂ ಕೆಲಸ ಮಾಡಿದ್ದಾರೆ. ಅಲ್ಲಿ ಅಡೆತಡೆಗಳು ಯಾವುವೆಂದು ಮೊದಲೇ ತಿಳಿದಿರುತ್ತದೆ, ಇಬ್ಬರು ಅಕ್ಕಪಕ್ಕದಲ್ಲಿ ಓಡುತ್ತಾರೆ. ಮಗ ಆ ದಾರಿ ಹಿಡಿಯುವುದಾದರೆ ಅಳತೆ ಹಿಡಿದು ನಕಲು ಕಟ್ಟಿ ನೂರಾರು ಸಲ ಓಡುವುದೇ ಸರಿಯಾದ ಕ್ರಮ, ಆಗ ಮೇಲಿನ ನನ್ನ ಆಕ್ಷೇಪ ಅನ್ವಯಿಸುವುದಿಲ್ಲ.

ನಿಮ್ಮ ಹಿತ್ತಲಿನ ಉದ್ದ ಎಷ್ಟು, ಇಳಿಜಾರು ಯಾವ ಕಡೆಗೆ, ರಾತ್ರಿ ದೀಪದ ವ್ಯವಸ್ಥೆ ಇದೆಯೇ ಎಂಬುದನ್ನು ಬರೆಯಿರಿ. ಗೋಡೆಯ ಮುಂದೆ ಕನಿಷ್ಠ 15 ಅಡಿ ಸಮತಟ್ಟಾದ ಓಟದ ಜಾಗ ಸಿಗದಿದ್ದರೆ ಗೋಡೆಯನ್ನು ಬಿಟ್ಟು, ಆ ದುಡ್ಡಿನಲ್ಲಿ ದಪ್ಪ ಮ್ಯಾಟ್‌ಗಳನ್ನೂ ತೂತು ಕೊರೆದ ತೊಲೆಗಳನ್ನೂ ಮೊದಲು ಮಾಡಿಸಿಕೊಳ್ಳಿ. ತೂತುಗಳ ಅಳತೆಯ ನಕ್ಷೆ ಬೇಕಿದ್ದರೆ ಭಾನುವಾರ ಕಳುಹಿಸುತ್ತೇನೆ.