ಅಡ್ವಾನ್ಸ್ ತೆಗೆದುಕೊಂಡ ತೋಟದ ಕಾರ್ಮಿಕರು ಕೊಯ್ಲಿನ ಮಧ್ಯೆ ಬಿಟ್ಟುಹೋದರೆ ಮಾಲೀಕ ಏನು ಮಾಡಬಹುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಹೀಗಿದೆ. ಕೊಡಗಿನ ಅಮ್ಮತ್ತಿ ಹತ್ತಿರ 22 ಎಕರೆ ರೋಬಸ್ಟಾ ಕಾಫಿ ಮತ್ತು ಮೆಣಸಿನ ತೋಟ. ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಯರವ ಬುಡಕಟ್ಟಿನ ನಾಲ್ಕು ಕುಟುಂಬಗಳಿವೆ. ಕೊಯ್ಲಿಗೆ ಆಳುಗಳನ್ನು ಕರೆತರುವ ಮೇಸ್ತ್ರಿಯ ಮೂಲಕ ಅಸ್ಸಾಮಿನಿಂದ 12 ಜನ ಬಂದಿದ್ದರು. ತಲೆಗೆ 10,000 ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದೀರಿ, ಮೂರು ವಾರ ಕೊಯ್ದ ಮೇಲೆ ಐದು ಜನ ಬಿಟ್ಟುಹೋಗಿದ್ದಾರೆ. ಉಳಿದವರ ಆಧಾರ್ ಕಾರ್ಡ್ ತೆಗೆದಿಟ್ಟುಕೊಳ್ಳಬಹುದೇ, ಹೋದವರ ಬಾಕಿಯನ್ನು ಇವರ ಕೂಲಿಯಲ್ಲಿ ಮುರಿಯಬಹುದೇ, ಪೊಲೀಸ್ ದೂರು ಕೊಡಬಹುದೇ ಎಂದು ಕೇಳಿದ್ದೀರಿ.

ಆಧಾರ್ ಈಗಾಗಲೇ ನಿಮ್ಮ ಕೈಯಲ್ಲಿದ್ದರೆ ಇವತ್ತೇ ವಾಪಸ್ ಕೊಡಿ. ಗುರುತು ಖಚಿತಪಡಿಸಿಕೊಳ್ಳುವುದು ಸರಿ: ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿ, ಅವರ ಒಪ್ಪಿಗೆಯಿಂದ ಜೆರಾಕ್ಸ್ ಇಟ್ಟುಕೊಳ್ಳಿ, ಹೆಸರು ವಿಳಾಸಗಳ ಪಟ್ಟಿಯನ್ನು ಠಾಣೆಗೆ ಕೊಡಿ. ಆದರೆ ಮೂಲ ಕಾರ್ಡನ್ನು ಬೀರುವಿನಲ್ಲಿಟ್ಟರೆ 'ಇವರನ್ನು ಹೋಗಲು ಬಿಡುತ್ತಿಲ್ಲ' ಎಂಬುದಕ್ಕೆ ನೀವೇ ಸಾಕ್ಷಿ ಕೂಡಿಟ್ಟಂತೆ. ಹೋದ ಐವರ ಸಾಲವನ್ನು ಉಳಿದ ಏಳು ಜನರ ಕೂಲಿಯಲ್ಲಿ ಮುರಿಯುವುದಂತೂ ಆಗದ ಮಾತು. ಒಬ್ಬೊಬ್ಬರ ಕೂಲಿ ಅವರವರದು. ಒಂದೇ ಊರಿನವರು, ಒಂದೇ ಮೇಸ್ತ್ರಿ ಕರೆತಂದವರು ಎಂಬುದರಿಂದ ಇವರು ಅವರಿಗೆ ಜಾಮೀನುದಾರರಾಗುವುದಿಲ್ಲ.

ಪೊಲೀಸ್ ದೂರಿನ ವಿಷಯದಲ್ಲಿ ತುಂಬ ಎಚ್ಚರ ಬೇಕು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಎಂದರೆ ಸರಪಳಿ ಬಿಗಿದು ದುಡಿಸುವವರಿಗೆ ಮಾತ್ರ ಎಂದು ಅನೇಕ ಬೆಳೆಗಾರರು ಅಂದುಕೊಂಡಿದ್ದಾರೆ. ಹಾಗಿಲ್ಲ. ಕೊಟ್ಟ ಮುಂಗಡದ ಕಾರಣಕ್ಕೆ ಕಾರ್ಮಿಕ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ, ಇಷ್ಟ ಬಂದಲ್ಲಿ ಓಡಾಡುವಂತಿಲ್ಲ, ಅಥವಾ ಕನಿಷ್ಠ ಕೂಲಿ ಸಿಗುವುದಿಲ್ಲ — ಇವುಗಳಲ್ಲಿ ಒಂದಿದ್ದರೂ ಅದು ಜೀತ. ಅಂಥ ಸಾಲ ಕಾನೂನಿನ ದೃಷ್ಟಿಯಲ್ಲಿ ರದ್ದಾದಂತೆ, ವಸೂಲಿಗೆ ಯಾವ ನ್ಯಾಯಾಲಯಕ್ಕೂ ಹೋಗುವಂತಿಲ್ಲ. ಜೀತದ ಸಾಲ ಎಂದು ಕಾರ್ಮಿಕ ಹೇಳಿದರೆ, ಅಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನ ಮೇಲೆ ಬೀಳುತ್ತದೆ. ಶಿಕ್ಷೆ 3 ವರ್ಷದವರೆಗೆ ಜೈಲು. ಕಾರ್ಮಿಕ ಪರಿಶಿಷ್ಟ ಪಂಗಡದವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರಿಕೊಳ್ಳುತ್ತದೆ. ಯರವ, ಜೇನುಕುರುಬ, ಪಣಿಯ ಕುಟುಂಬಗಳು ಲೈನ್ ಮನೆಯಲ್ಲಿರುವ ತೋಟದ ಮಾಲೀಕರು ಇದನ್ನು ಮರೆಯಲೇಬಾರದು. 'ಅಡ್ವಾನ್ಸ್ ತೀರುವ ಮುಂಚೆ ಓಡಿಹೋದರು, ಹಿಡಿದು ತನ್ನಿ' ಎಂದು ಬರೆದುಕೊಟ್ಟರೆ, ಸಾಲಕ್ಕೆ ದುಡಿಮೆಯನ್ನು ಕಟ್ಟಿಹಾಕಿದ್ದೆ ಎಂದು ನಿಮ್ಮ ಸಹಿಯಲ್ಲೇ ಹೇಳಿದಂತಾಗುತ್ತದೆ. ವಂಚನೆ ಪ್ರಕರಣ ಕೋರ್ಟಿನಲ್ಲಿ ನಿಲ್ಲಬೇಕಾದರೆ ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಬೇಕು. ಮೂರು ವಾರ ಹಣ್ಣು ಕೊಯ್ದು ಹೋದವರ ಮೇಲೆ ಅದನ್ನು ತೋರಿಸುವುದು ಕಷ್ಟ.

ಬದಲಿಗೆ ಹೋದ ಐವರ ಲೆಕ್ಕ ಮಾಡಿ. ಕೆಲಸ ಬಿಟ್ಟವರ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ (ಅದೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ). ಅವರು ನಿಮಗೆ ಬಾಕಿ ಇರುವ ಹಾಗೆಯೇ ಕೊನೆಯ ವಾರದ ಕೂಲಿ ನೀವು ಅವರಿಗೆ ಬಾಕಿ ಇರಬಹುದು. ಮುಂಗಡ ಮುರಿಯಲು ಅವಕಾಶವಿದೆ, ಆದರೆ ಎಲ್ಲ ಕಡಿತ ಸೇರಿ ಆ ಅವಧಿಯ ಕೂಲಿಯ ಅರ್ಧ ಮೀರಬಾರದು. ಕೆಲಸ ಶುರುವಾಗುವ ಮುಂಚೆ ಕೊಟ್ಟ ಮುಂಗಡವನ್ನು ಮೊದಲ ಪೂರ್ಣ ಕೂಲಿ ಅವಧಿಯ ಪಾವತಿಯಲ್ಲೇ ಹಿಡಿದುಕೊಳ್ಳಬೇಕು. ರೈಲು, ಬಸ್ಸಿನ ಖರ್ಚಿಗೆಂದು ಕೊಟ್ಟ ಹಣವನ್ನು ಮುರಿಯುವಂತೆಯೇ ಇಲ್ಲ. ಅಸ್ಸಾಮಿನಿಂದ ಕರೆತಂದ ಟಿಕೆಟ್ ಹಣವೂ ಆ 10,000ದಲ್ಲಿ ಸೇರಿದ್ದರೆ ಅಷ್ಟನ್ನು ಖರ್ಚೆಂದು ಬರೆದುಬಿಡಿ.

ಮುಂದಿನ ಕೊಯ್ಲಿಗೆ ಈ ಪದ್ಧತಿಯನ್ನೇ ಬದಲಿಸಿ. ದಿನಗೂಲಿ 500 ಎಂದು ಇಟ್ಟುಕೊಳ್ಳೋಣ. ವಾರಕ್ಕೆ ಆರು ದಿನ, 3,000. ವಾರದ ಬಟವಾಡೆಯಲ್ಲಿ ನೀವು ಗರಿಷ್ಠ ಹಿಡಿಯಬಹುದಾದದ್ದು 1,500. ಹಾಗಿದ್ದ ಮೇಲೆ ಕೈಗೆ 10,000 ಕೊಡುವುದರಲ್ಲಿ ಅರ್ಥವಿಲ್ಲ. ಟಿಕೆಟ್ ನೀವೇ ತೆಗೆಸಿ, ಬಂದ ದಿನ ಅಕ್ಕಿ ಸಾಮಾನಿಗೆ ಸಾವಿರ ಸಾವಿರದ ಐನೂರು ಕೊಡಿ, ಸಂತೆಯ ಹಿಂದಿನ ದಿನ ತಪ್ಪದೆ ಬಟವಾಡೆ ಮಾಡಿ. ಕೊನೆಯವರೆಗೆ ನಿಲ್ಲಿಸಿಕೊಳ್ಳಬೇಕೆಂದರೆ ಕೊಯ್ಲು ಮುಗಿದಾಗ ದಿನಕ್ಕಿಷ್ಟು ಎಂದು ಹೆಚ್ಚುವರಿ ಹಣ ಘೋಷಿಸಿ. ಅದು ಕೂಲಿಯ ಮೇಲೆ ಕೊಡುವ ಹಣವಾಗಿರಬೇಕು, ಕೂಲಿಯನ್ನೇ ತಡೆಹಿಡಿದು ಬೋನಸ್ ಎಂದು ಹೆಸರಿಡಬಾರದು. ವಾರವಾರ ಕೈಗೆ ಸರಿಯಾಗಿ ದುಡ್ಡು ಬರುವ ತೋಟವನ್ನು ಜನ ಸುಲಭವಾಗಿ ಬಿಡುವುದಿಲ್ಲ. ಪಕ್ಕದ ತೋಟ ಕಿಲೋಗೆ ಎಂಟಾಣೆ ಜಾಸ್ತಿ ಕೊಟ್ಟರೂ ಯೋಚಿಸುತ್ತಾರೆ.

ಮೇಸ್ತ್ರಿಯ ಕೈಗೆ ಎಲ್ಲರ ಕೂಲಿ ಕೊಡುವುದನ್ನು ನಿಲ್ಲಿಸಿ. ಅವನ ಕಮಿಷನ್ ಅವನಿಗೆ ಬೇರೆ ಕೊಡಿ, ಕೂಲಿ ನೇರವಾಗಿ ಕಾರ್ಮಿಕರ ಖಾತೆಗೆ ಹೋಗಲಿ. ಮೇಸ್ತ್ರಿ ನುಂಗಿ ಹೋದರೆ ಜನ ಬಂದು ನಿಲ್ಲುವುದು ನಿಮ್ಮ ಕಣದಲ್ಲಿ, ಕಾನೂನೂ ಅವರ ಪರವಾಗಿಯೇ ಇರುತ್ತದೆ.

ಚೆಕ್ ರೋಲ್ (ಹಾಜರಿ ಮತ್ತು ಕೂಲಿಯ ಪುಸ್ತಕ) ಬರೆಯುವಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕೊಯ್ಲಿನ ತೂಕದ್ದು. ಕಿಲೋ ಲೆಕ್ಕದಲ್ಲಿ ಕೊಯ್ಯಿಸುವಾಗ ರೈಟರ್ (ತೋಟದ ಗುಮಾಸ್ತ) ಒಟ್ಟು ಕಿಲೋ ಮಾತ್ರ ಬರೆದಿಡುತ್ತಾರೆ. ಮೊದಲ ಸುತ್ತಿನಲ್ಲಿ, ಹಣ್ಣು ಅಲ್ಲೊಂದು ಇಲ್ಲೊಂದು ಇರುವಾಗ, ದಿನವಿಡೀ ಕೊಯ್ದರೂ ತೂಕ ಬರುವುದಿಲ್ಲ. ಕಿಲೋಗೆ 5 ರೂಪಾಯಿಯಂತೆ 60 ಕಿಲೋ ಕೊಯ್ದವಳಿಗೆ 300 ಆಯಿತು. ಸರ್ಕಾರ ತೋಟಗಳಿಗೆ ನಿಗದಿ ಮಾಡಿದ ದಿನದ ಕನಿಷ್ಠ ಕೂಲಿ ಅದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವನ್ನು ತುಂಬಿ ಕೊಡಲೇಬೇಕು. 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಕಾರ್ಮಿಕರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದನ್ನೇ ಬಲವಂತದ ದುಡಿಮೆ ಎಂದಿದೆ. ಹಾಗಾಗಿ ಪುಸ್ತಕದಲ್ಲಿ ಹೆಸರು, ಗಂಟೆ, ಕಿಲೋ, ದರ, ತುಂಬಿ ಕೊಟ್ಟದ್ದು, ಮುಂಗಡ ಹಿಡಿದದ್ದು, ಉಳಿದ ಮುಂಗಡ, ಕೈಗೆ ಕೊಟ್ಟದ್ದು, ಸಹಿ — ಇಷ್ಟೂ ಕಾಲಂ ಇರಲಿ. ಕನಿಷ್ಠ ಕೂಲಿಗೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹೋದ ವರ್ಷದ ದರದಲ್ಲೇ ಮುಂದುವರಿಯಬೇಡಿ. ಒಂದೇ ಕೆಲಸಕ್ಕೆ ಗಂಡಾಳು ಹೆಣ್ಣಾಳು ಎಂದು ಎರಡು ದರ ಬರೆಯುವುದೂ ಕಾನೂನುಬಾಹಿರ.

ಅಮ್ಮನ ಜೊತೆ ಬಂದ ಮಗು ಹಣ್ಣು ಹೆಕ್ಕಿದರೆ ಏನಾಯಿತು ಎನ್ನಬೇಡಿ. ಮನೆಯವರಿಗೆ ನೆರವಾಗುವ ವಿನಾಯಿತಿ ಇರುವುದು ಆ ಕುಟುಂಬದ ಸ್ವಂತ ಜಮೀನಿಗೆ, ನಿಮ್ಮ ತೋಟಕ್ಕಲ್ಲ. 14 ವರ್ಷದೊಳಗಿನವರು ಕೊಯ್ಲಿನ ಸಾಲಿನಲ್ಲಿ ಇರಲೇಬಾರದು.

ಇನ್ನು ಸಂಖ್ಯೆಗಳು. 5 ಹೆಕ್ಟೇರ್, ಅಂದರೆ ಸುಮಾರು 12.35 ಎಕರೆ ಮತ್ತು 10 ಕಾರ್ಮಿಕರು ಇದ್ದರೆ ನಿಮ್ಮದು ಕಾನೂನಿನ ಪ್ರಕಾರ ಪ್ಲಾಂಟೇಷನ್. ವಸತಿ, ಕುಡಿಯುವ ನೀರು, ಶೌಚಾಲಯದ ಹೊಣೆ ನಿಮ್ಮದು. 10 ಜನರಿದ್ದರೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿಯೂ ಬೇಕು. ನಾಲ್ಕು ಕುಟುಂಬದಿಂದ ಎಂಟು ಜನ ದುಡಿಯುತ್ತಿದ್ದರೆ, ಹೊರಗಿನ 12 ಸೇರಿ ಸರಿಯಾಗಿ 20. ಅದು ಪಿಎಫ್ ಅನ್ವಯವಾಗುವ ಸಂಖ್ಯೆ, ಕೊಯ್ಲಿಗೆ ಮುಂಚೆಯೇ ಲೆಕ್ಕಪರಿಶೋಧಕರ ಜೊತೆ ಕೂತು ಇತ್ಯರ್ಥ ಮಾಡಿಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಕಾಫಿ ಮುಗಿಯುತ್ತಿದ್ದಂತೆ ಇದೇ ಜನರನ್ನು ಮೆಣಸು ಕೊಯ್ಯಲು, ಆಮೇಲೆ ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಹತ್ತಿಸುತ್ತೀರಿ. ನಮ್ಮ ಜಿಲ್ಲೆಯಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಎಷ್ಟು ಜೀವ ಹೋಗಿವೆ ಎಂಬುದು ನಿಮಗೂ ಗೊತ್ತು. ಏಣಿಯನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ವಾಲುತ್ತದೆ, ಹಿಡಿದವರ ಕಣ್ಣು ಬುಡದ ಮೇಲಿರುತ್ತದೆ, ತುದಿ ತಂತಿಗೆ ತಾಗುತ್ತದೆ. ತಂತಿ ಹಾದುಹೋಗುವ ಸಾಲುಗಳಲ್ಲಿ ಫೈಬರ್ ಏಣಿಯೋ ಬಿದಿರಿನದೋ ಬಳಸಿ, ಏಣಿಯನ್ನು ಮಲಗಿಸಿಯೇ ಸಾಗಿಸಲು ಹೇಳಿ, ಆ ಸಾಲುಗಳ ಕೆಲಸದ ದಿನ ಲೈನ್‌ಮನ್‌ಗೆ ಹೇಳಿ ವಿದ್ಯುತ್ ನಿಲ್ಲಿಸಿ.

ಸಾವು ಸಂಭವಿಸಿದರೆ ಪರಿಹಾರದ ಲೆಕ್ಕ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಶದಿಂದ (ಕಾನೂನಿನ ಪಟ್ಟಿಯಲ್ಲಿ ಆಯಾ ವಯಸ್ಸಿಗೆ ಕೊಟ್ಟ ಅಂಕಿ) ಗುಣಿಸಬೇಕು. ತಿಂಗಳಿಗೆ 15,000 ಎಂದು ಹಿಡಿದರೆ 30 ವರ್ಷದವರಿಗೆ 7,500 × 207.98, ಅಂದರೆ 15,59,850 ರೂಪಾಯಿ. 40 ವರ್ಷದವರಿಗೆ ಅಂಶ 184.17, ಮೊತ್ತ 13,81,275. ಒಂದು ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡ. 22 ಎಕರೆಯ ತೋಟಕ್ಕೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಕಾರ್ಮಿಕ ಪರಿಹಾರ ವಿಮೆ ಮಾಡಿಸಿ, ಮರ ಹತ್ತುವ ಕೆಲಸವೂ ಇದೆ ಎಂದು ಅರ್ಜಿಯಲ್ಲಿ ಬರೆಯಿಸಿ, ಕೊಯ್ಲಿನ ತಿಂಗಳುಗಳ ಹೆಚ್ಚುವರಿ ಜನರನ್ನೂ ಸಂಖ್ಯೆಯಲ್ಲಿ ಸೇರಿಸಿ. ಚೆಕ್ ರೋಲ್‌ನಲ್ಲಿ ಹೆಸರಿಲ್ಲದವರ ಪರಿಹಾರ ಕೇಳಲು ಹೋದರೆ ವಿಮಾ ಕಂಪನಿ ಮೊದಲು ಎತ್ತುವ ತಕರಾರೇ ಅದು. ಸಾವಿನ ಪರಿಹಾರವನ್ನು ಮನೆಯವರ ಕೈಗೆ ನೇರವಾಗಿ ಕೊಟ್ಟು ಬಾಂಡ್ ಪೇಪರಿನಲ್ಲಿ ಸಹಿ ಹಾಕಿಸಿಕೊಂಡರೆ ಅದು ಪರಿಹಾರ ಕೊಟ್ಟಂತೆ ಆಗುವುದಿಲ್ಲ. ಹಣವನ್ನು ಪರಿಹಾರ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು, ಹಂಚುವುದು ಅವರ ಕೆಲಸ.